ಐಪಿ ಸಿಗದಿದ್ದಾಗ: ಡಿಎಚ್‌ಸಿಪಿ ಕ್ಲೈಂಟ್‌ನ ಸೆಟ್ಟಿಂಗ್ಸ್ ಫೈಲ್‌ನಲ್ಲಿ ದೋಷ ಹುಡುಕುವ ಬಗೆ

ಬೆಳಿಗ್ಗೆ ಶಟರ್ ಎತ್ತಿ ಬಿಲ್ಲಿಂಗ್ ಕಂಪ್ಯೂಟರ್ ಆನ್ ಮಾಡಿದರೆ ನೆಟ್ ಇಲ್ಲ. ಐಪಿ ವಿಳಾಸ ನೋಡಿದರೆ 169.254 ಎಂದು ಶುರುವಾಗಿದೆ, ಇಲ್ಲವೇ ವಿಳಾಸವೇ ಇಲ್ಲ. ದಾವಣಗೆರೆಯ ಮಂಡಿ ಅಂಗಡಿಯಿಂದ ಚಿತ್ರದುರ್ಗದ ಕಾಲೇಜು ಲ್ಯಾಬ್‌ವರೆಗೆ ಲಿನಕ್ಸ್ ಮಷೀನ್ ಇರುವ ಕಡೆಯೆಲ್ಲ ದೂರು ಇದೊಂದೇ, ಕಾರಣ ಮಾತ್ರ ಹತ್ತು ಬಗೆ. ಇಂಥ ಹೊತ್ತಿನಲ್ಲಿ ಮೊದಲು ಕೈ ಹೋಗುವುದು ಡಿಎಚ್‌ಸಿಪಿ ಕ್ಲೈಂಟ್‌ನ, ಅಂದರೆ ರೂಟರ್ ಅಥವಾ ಸರ್ವರ್‌ನಿಂದ ಐಪಿ ವಿಳಾಸ ಕೇಳಿ ತರುವ ಪ್ರೋಗ್ರಾಂನ, ಸೆಟ್ಟಿಂಗ್ಸ್ ಫೈಲ್‌ಗೆ. ಅಲ್ಲಿ ಒಂದು ಸಾಲು ಸೇರಿಸಿ ಇನ್ನೊಂದು ಅಳಿಸಿ ರೀಸ್ಟಾರ್ಟ್ ಮಾಡುತ್ತ ಹೋದರೆ, ಸಂಜೆ ಹೊತ್ತಿಗೆ ಹಳೆಯ ದೋಷದ ಜೊತೆ ಹೊಸದೆರಡು ಸೇರಿಕೊಂಡಿರುತ್ತವೆ. ಫೈಲ್ ಮುಟ್ಟುವ ಮೊದಲು ಎರಡು ಪ್ರಶ್ನೆಗೆ ಉತ್ತರ ಬೇಕು. ಆ ಫೈಲನ್ನು ಯಾವ ಪ್ರೋಗ್ರಾಂ ಓದುತ್ತಿದೆ? ಕ್ಲೈಂಟ್ ಮತ್ತು ಸರ್ವರ್ ನಡುವಿನ ಮಾತು ಎಲ್ಲಿ ಕಡಿದಿದೆ?

ಆಜ್ಞೆಗಳನ್ನೂ ಫೈಲ್ ಹೆಸರುಗಳನ್ನೂ ಇಲ್ಲಿ ಉಚ್ಚಾರದಂತೆ ಕನ್ನಡ ಅಕ್ಷರದಲ್ಲಿ ಕೊಟ್ಟಿದೆ. ಟೈಪ್ ಮಾಡುವಾಗ ಇಂಗ್ಲಿಷ್‌ನ ಸಣ್ಣಕ್ಷರಗಳನ್ನೇ ಬಳಸಿ; NetworkManager, [DHCPv4], ClientIdentifier ಈ ಮೂರರಲ್ಲಿ ಮಾತ್ರ ಇಲ್ಲಿ ತೋರಿಸಿದಂತೆ ದೊಡ್ಡಕ್ಷರ ಬೇಕು. ಆಜ್ಞೆಗಳಲ್ಲೂ ಫೈಲ್ ಹೆಸರುಗಳಲ್ಲೂ ದೊಡ್ಡಕ್ಷರ, ಸಣ್ಣಕ್ಷರದ ವ್ಯತ್ಯಾಸ ಲೆಕ್ಕಕ್ಕೆ ಬರುತ್ತದೆ.

ಫೈಲ್ ಓದುವವರು ಯಾರು?

ಅರ್ಧಕ್ಕರ್ಧ ಪ್ರಕರಣ ಇಲ್ಲೇ ಮುಗಿಯುತ್ತದೆ. ಹಳೆಯ ಡೆಬಿಯನ್, ಉಬುಂಟು ಮಷೀನ್‌ಗಳಲ್ಲಿ ವಿಳಾಸ ತರುತ್ತಿದ್ದುದು ಐಎಸ್‌ಸಿ ಸಂಸ್ಥೆಯ ಡಿಎಚ್‌ಕ್ಲೈಂಟ್. ಅದರ ಫೈಲ್ ಇರುವ ಜಾಗ /ಇಟಿಸಿ/ಡಿಎಚ್‌ಸಿಪಿ/ಡಿಎಚ್‌ಕ್ಲೈಂಟ್.ಕಾನ್ಫ್. ಬೋಧನಾ ಟಿಪ್ಪಣಿಗಳಲ್ಲಿ, ಹಳೆಯ ಮಾರ್ಗದರ್ಶಿಗಳಲ್ಲಿ ಎಲ್ಲರೂ ಹೇಳುವುದು ಈ ಫೈಲನ್ನೇ. ಆದರೆ ಐಎಸ್‌ಸಿ 2022ರಲ್ಲಿ ಇದರ ನಿರ್ವಹಣೆ ನಿಲ್ಲಿಸಿದೆ. ಲಿನಕ್ಸ್‌ನಲ್ಲಿ ನೆಟ್ ಸಂಪರ್ಕ ನೋಡಿಕೊಳ್ಳುವ ನೆಟ್‌ವರ್ಕ್‌ಮ್ಯಾನೇಜರ್ ತನ್ನ 1.20 ಆವೃತ್ತಿಯಿಂದ, ಅಂದರೆ 2019ರಿಂದ, ತನ್ನೊಳಗೇ ಇರುವ ಕ್ಲೈಂಟನ್ನು ಡಿಫಾಲ್ಟ್ ಮಾಡಿಕೊಂಡಿದೆ. ಉಬುಂಟು 17.10ರಿಂದ ಮುಂದಕ್ಕೆ ನೆಟ್ ಸೆಟ್ಟಿಂಗ್‌ಗಳನ್ನು ಬರೆಯಲು ನೆಟ್‌ಪ್ಲಾನ್ ಬಂದಿದೆ. ಅದರ ಹಿಂದೆ ಸರ್ವರ್‌ಗಳಲ್ಲಿ ಸಿಸ್ಟಮ್‌ಡಿ-ನೆಟ್‌ವರ್ಕ್‌ಡಿ, ಡೆಸ್ಕ್‌ಟಾಪ್‌ಗಳಲ್ಲಿ ನೆಟ್‌ವರ್ಕ್‌ಮ್ಯಾನೇಜರ್ ಕೆಲಸ ಮಾಡುತ್ತದೆ. ರಾಸ್ಬೆರಿ ಪೈಯಲ್ಲಿ ಬಹುಕಾಲ ಡಿಎಚ್‌ಸಿಪಿಸಿಡಿ ಇತ್ತು, ಅದರ ಫೈಲ್ /ಇಟಿಸಿ/ಡಿಎಚ್‌ಸಿಪಿಸಿಡಿ.ಕಾನ್ಫ್, 2023ರ ಬುಕ್‌ವರ್ಮ್ ಆವೃತ್ತಿಯಿಂದ ಅಲ್ಲಿಯೂ ನೆಟ್‌ವರ್ಕ್‌ಮ್ಯಾನೇಜರ್.

ಹಾಗಾಗಿ ಡಿಎಚ್‌ಕ್ಲೈಂಟ್.ಕಾನ್ಫ್ ಫೈಲ್ ಡಿಸ್ಕ್‌ನಲ್ಲಿ ಇದ್ದಮಾತ್ರಕ್ಕೆ ಅದನ್ನು ಯಾರಾದರೂ ಓದುತ್ತಿದ್ದಾರೆ ಎಂದು ನಂಬಬೇಡಿ. ಹಳೆಯ ಆವೃತ್ತಿಯಿಂದ ಅಪ್‌ಗ್ರೇಡ್ ಆದ ಮಷೀನ್‌ನಲ್ಲಿ ಫೈಲ್ ಹಾಗೇ ಉಳಿದಿರುತ್ತದೆ. ನೀವು ಎಷ್ಟು ಸರಿಯಾಗಿ ಬರೆದರೂ ಏನೂ ಬದಲಾಗುವುದಿಲ್ಲ, ಎರರ್ ಕೂಡ ಬರುವುದಿಲ್ಲ.

ಪರೀಕ್ಷೆ ಸುಲಭ. ವಿಳಾಸ ಸಿಕ್ಕಿರುವ ಹೊತ್ತಿನಲ್ಲಿ ‘ಸುಡೊ ಎಸ್‌ಎಸ್ -ಯುಎಲ್‌ಪಿಎನ್’ ಕೊಟ್ಟು, ಯುಡಿಪಿ 68ನೇ ಪೋರ್ಟ್ ಯಾರ ಕೈಯಲ್ಲಿದೆ ನೋಡಿ. ಡಿಎಚ್‌ಸಿಪಿಯಲ್ಲಿ ಕ್ಲೈಂಟ್‌ನದು 68, ಸರ್ವರ್‌ನದು 67. ಆ ಸಾಲಿನ ಕೊನೆಯಲ್ಲಿ ಪ್ರೋಗ್ರಾಂ ಹೆಸರು ಇರುತ್ತದೆ. ವಿಳಾಸವೇ ಸಿಕ್ಕಿಲ್ಲದಿದ್ದರೆ ಕೆಲವು ಕ್ಲೈಂಟ್‌ಗಳು ಆ ಪೋರ್ಟ್ ತೆರೆದಿರುವುದಿಲ್ಲ. ಆಗ ‘ಪಿಎಸ್ ಎಎಕ್ಸ್’ ಪಟ್ಟಿಯಲ್ಲಿ ಡಿಎಚ್‌ಕ್ಲೈಂಟ್, ಡಿಎಚ್‌ಸಿಪಿಸಿಡಿ, ನೆಟ್‌ವರ್ಕ್‌ಮ್ಯಾನೇಜರ್, ಸಿಸ್ಟಮ್‌ಡಿ-ನೆಟ್‌ವರ್ಕ್‌ಡಿ ಈ ನಾಲ್ಕರಲ್ಲಿ ಯಾವುದು ಓಡುತ್ತಿದೆ ಎಂದು ಹುಡುಕಿ.

ಎರಡು ಬೇರೆಬೇರೆಯಾಗಿ ಒಂದೇ ಕಾರ್ಡ್‌ಗಾಗಿ ಓಡುತ್ತಿದ್ದರೆ ದೋಷ ಅಲ್ಲೇ ಸಿಕ್ಕಿತು (ನೆಟ್‌ವರ್ಕ್‌ಮ್ಯಾನೇಜರ್ ತಾನೇ ಡಿಎಚ್‌ಕ್ಲೈಂಟ್ ಓಡಿಸುತ್ತಿದ್ದರೆ ಅದು ದೋಷವಲ್ಲ). ಒಂದೇ ನೆಟ್‌ವರ್ಕ್ ಕಾರ್ಡ್‌ಗೆ ಇಬ್ಬರು ಕ್ಲೈಂಟ್‌ಗಳು ಎರಡು ವಿಳಾಸ ತಂದಿಡುತ್ತಾರೆ, ‘ಐಪಿ ಅಡ್ರೆಸ್’ ಪಟ್ಟಿಯಲ್ಲಿ ಎರಡನೆಯದರ ಪಕ್ಕ ‘ಸೆಕೆಂಡರಿ’ ಎಂದು ಕಾಣುತ್ತದೆ, ಡಿಎನ್‌ಎಸ್ (ವೆಬ್ ಹೆಸರನ್ನು ಐಪಿ ವಿಳಾಸವಾಗಿಸುವ ಸರ್ವರ್) ಒಮ್ಮೆ ಇದು ಒಮ್ಮೆ ಅದು ಆಗುತ್ತದೆ. ಒಂದನ್ನು ಸಿಸ್ಟಮ್‌ಸಿಟಿಎಲ್‌ನಿಂದ ಡಿಸೇಬಲ್ ಮಾಡಿ ರೀಬೂಟ್ ಮಾಡಿ. ಆಮೇಲೆ ಮಿಕ್ಕ ಮಾತು.

ನೆಟ್‌ವರ್ಕ್‌ಮ್ಯಾನೇಜರ್ ಇದ್ದೂ ಡಿಎಚ್‌ಕ್ಲೈಂಟ್.ಕಾನ್ಫ್‌ನ ಸಾಲುಗಳೇ ಬೇಕೆಂದರೆ, /ಇಟಿಸಿ/ನೆಟ್‌ವರ್ಕ್‌ಮ್ಯಾನೇಜರ್ ಫೋಲ್ಡರ್‌ನ ನೆಟ್‌ವರ್ಕ್‌ಮ್ಯಾನೇಜರ್.ಕಾನ್ಫ್‌ನಲ್ಲಿ [ಮೇನ್] ಭಾಗದ ಕೆಳಗೆ ‘ಡಿಎಚ್‌ಸಿಪಿ=ಡಿಎಚ್‌ಕ್ಲೈಂಟ್’ ಎಂದು ಬರೆಯಬೇಕು. ಆಗಲೂ ಅದು ನಿಮ್ಮ ಫೈಲನ್ನು ನೇರವಾಗಿ ಕೊಡುವುದಿಲ್ಲ. ಅದರಿಂದ ಸಾಲುಗಳನ್ನು ಎತ್ತಿಕೊಂಡು, ತನ್ನದನ್ನು ಸೇರಿಸಿ, /ವಾರ್/ಲಿಬ್/ನೆಟ್‌ವರ್ಕ್‌ಮ್ಯಾನೇಜರ್ ಒಳಗೆ ಕಾರ್ಡ್‌ನ ಹೆಸರಿನಲ್ಲಿ ಬೇರೊಂದು ಫೈಲ್ ಬರೆದು ಅದನ್ನು ಕೊಡುತ್ತದೆ. ನಿಮ್ಮ ಸಾಲು ಒಳಗೆ ಹೋಗಿದೆಯೇ ಎಂದು ನೋಡಬೇಕಾದದ್ದು ಆ ಎರಡನೇ ಫೈಲ್‌ನಲ್ಲಿ.

ನಾಲ್ಕು ಮಾತು

ಇಂದಿಗೂ ನಡೆಯುತ್ತಿರುವ ಡಿಎಚ್‌ಸಿಪಿ ನಿಯಮ, ಆರ್‌ಎಫ್‌ಸಿ 2131, ಪ್ರಕಟವಾದದ್ದು 1997ರ ಮಾರ್ಚ್‌ನಲ್ಲಿ. ಚಿತ್ರದುರ್ಗದಿಂದ ಬೇರೆಯಾಗಿ ದಾವಣಗೆರೆ ಹೊಸ ಜಿಲ್ಲೆಯಾದದ್ದೂ ಅದೇ ವರ್ಷದ ಆಗಸ್ಟ್‌ನಲ್ಲಿ. ಅಂದಿನಿಂದ ಕ್ಲೈಂಟ್ ಪ್ರೋಗ್ರಾಂಗಳು ಎಷ್ಟು ಬದಲಾದರೂ ಮಾತು ನಾಲ್ಕೇ: ಕ್ಲೈಂಟ್ ‘ಯಾರಿದ್ದೀರಿ’ ಎಂದು ಕೂಗುವ ಡಿಸ್ಕವರ್, ಸರ್ವರ್ ಒಂದು ವಿಳಾಸ ಮುಂದಿಡುವ ಆಫರ್, ‘ಅದೇ ಕೊಡಿ’ ಎನ್ನುವ ರಿಕ್ವೆಸ್ಟ್, ‘ತಗೊಳ್ಳಿ’ ಎನ್ನುವ ಆಕ್. ಕೊಡಲಾಗದಿದ್ದರೆ ಆಕ್ ಬದಲು ನಾಕ್.

ಈ ನಾಲ್ಕನ್ನು ಕಣ್ಣಿಂದ ನೋಡಿ. ಒಂದು ಟರ್ಮಿನಲ್‌ನಲ್ಲಿ ‘ಸುಡೊ ಟಿಸಿಪಿಡಂಪ್ -ಎನ್ಐ’ ಬರೆದು, ಕಾರ್ಡ್ ಹೆಸರು ಕೊಟ್ಟು, ‘ಪೋರ್ಟ್ 67 ಆರ್ ಪೋರ್ಟ್ 68’ ಸೇರಿಸಿ ಬಿಡಿ. ಮಷೀನ್ ಬಳಸುತ್ತಿರುವುದು ಡಿಎಚ್‌ಕ್ಲೈಂಟ್ ಆದರೆ, ಇನ್ನೊಂದರಲ್ಲಿ ‘ಸುಡೊ ಡಿಎಚ್‌ಕ್ಲೈಂಟ್ -ಆರ್’ ಕೊಟ್ಟು ಹಳೆಯ ವಿಳಾಸ ಬಿಟ್ಟು, ‘ಸುಡೊ ಡಿಎಚ್‌ಕ್ಲೈಂಟ್ -ವಿ’ ಕೊಟ್ಟು ಹೊಸದಾಗಿ ಕೇಳಿ. ಎರಡರಲ್ಲೂ ಕೊನೆಗೆ ಕಾರ್ಡ್ ಹೆಸರು ಬೇಕು. -ವಿ ಇಲ್ಲದಿದ್ದರೆ ಪರದೆಯ ಮೇಲೆ ಏನೂ ಬರುವುದಿಲ್ಲ.

ಇಲ್ಲೊಂದು ಎಚ್ಚರಿಕೆ. ದಾವಣಗೆರೆಯಲ್ಲಿ ಕುಳಿತು ಚಿತ್ರದುರ್ಗದ ಶಾಖೆಯ ಮಷೀನ್‌ಗೆ ಎಸ್‌ಎಸ್‌ಎಚ್ ಮೂಲಕ ಹೋಗಿದ್ದರೆ -ಆರ್ ಒತ್ತಬೇಡಿ. ವಿಳಾಸ ಬಿಟ್ಟ ಕ್ಷಣವೇ ನಿಮ್ಮ ಸಂಪರ್ಕ ಹೋಗುತ್ತದೆ, ಮುಂದಿನ ಆಜ್ಞೆ ಕೊಡಲು ದಾರಿ ಇರುವುದಿಲ್ಲ, ಹೆದ್ದಾರಿ 48 ಹಿಡಿದು ಹೋಗಿಯೇ ಸರಿಮಾಡಬೇಕಾಗುತ್ತದೆ. ದೂರದಿಂದ ಮಾಡಲೇಬೇಕೆಂದರೆ ಎರಡೂ ಆಜ್ಞೆಗಳನ್ನು ಒಂದೇ ಸಾಲಿನಲ್ಲಿ ಸೇರಿಸಿ, ಸಂಪರ್ಕ ಕಡಿದರೂ ಆಜ್ಞೆಯನ್ನು ನಿಲ್ಲಿಸದ ಸ್ಕ್ರೀನ್ ಅಥವಾ ಟಿಮಕ್ಸ್ ಒಳಗಿಂದ ಓಡಿಸಿ. ನೆಟ್‌ಪ್ಲಾನ್ ಇದ್ದರೆ ‘ನೆಟ್‌ಪ್ಲಾನ್ ಅಪ್ಲೈ’ ಬದಲು ‘ನೆಟ್‌ಪ್ಲಾನ್ ಟ್ರೈ’ ಕೊಡಿ. 120 ಸೆಕೆಂಡ್‌ನಲ್ಲಿ ನೀವು ಒಪ್ಪದಿದ್ದರೆ ಅದು ಹಳೆಯ ಸೆಟ್ಟಿಂಗ್‌ಗೆ ತಾನೇ ಮರಳುತ್ತದೆ.

ಡಿಸ್ಕವರ್ ಹೋಗುತ್ತದೆ, ಆಫರ್ ಬರುವುದಿಲ್ಲ

ಟಿಸಿಪಿಡಂಪ್‌ನಲ್ಲೂ ಆಫರ್ ಕಾಣದಿದ್ದರೆ ನಿಮ್ಮ ಸೆಟ್ಟಿಂಗ್ಸ್ ಫೈಲ್ ನಿರಪರಾಧಿ ಎಂದೇ ಇಟ್ಟುಕೊಂಡು ಕೇಬಲ್ ಕಡೆ ಹೋಗಿ. ‘ಐಪಿ ಲಿಂಕ್’ನಲ್ಲಿ ‘ನೋ-ಕ್ಯಾರಿಯರ್’ ಎಂದಿದ್ದರೆ ತಂತಿಯಲ್ಲೇ ತೊಂದರೆ. ಮೆಕ್ಕೆಜೋಳ, ಭತ್ತ ತೂಗುವ ಕಡೆ ಗೋಡೆಗೆ ಹೊಡೆದ ಸ್ವಿಚ್‌ನ ಪೋರ್ಟ್‌ಗಳಲ್ಲಿ ಧೂಳು ತುಂಬಿ ಆರ್‌ಜೆ-45ರ ಪಿನ್ ಸರಿಯಾಗಿ ತಾಗುವುದಿಲ್ಲ. ಬೇರೆ ಪೋರ್ಟ್, ಬೇರೆ ಪ್ಯಾಚ್ ಕೇಬಲ್ ಹಾಕಿ ನೋಡುವುದು ಎರಡು ನಿಮಿಷದ ಕೆಲಸ.

ಕೇಬಲ್ ಸರಿಯಿದ್ದು, ಕರೆಂಟ್ ಹೋಗಿ ಬಂದ ಮೇಲೆ ಮಾತ್ರ ಈ ದೋಷ ಬರುತ್ತಿದ್ದರೆ ಗಮನವಿಟ್ಟು ನೋಡಬೇಕು. ಮ್ಯಾನೇಜ್ಡ್ (ಸೆಟ್ಟಿಂಗ್ ಬದಲಿಸಬಹುದಾದ) ಸ್ವಿಚ್‌ಗಳು, ಕೇಬಲ್‌ಗಳ ಲೂಪ್ ತಡೆಯುವ ಹಳೆಯ ಸ್ಪ್ಯಾನಿಂಗ್ ಟ್ರೀ ನಿಯಮದಂತೆ, ಪ್ರತಿ ಪೋರ್ಟನ್ನು ಮೊದಲು 15 ಸೆಕೆಂಡ್ ಕೇಳಿಸಿಕೊಳ್ಳುತ್ತವೆ, ಇನ್ನೂ 15 ಸೆಕೆಂಡ್ ಕಲಿಯುತ್ತವೆ, ಆಮೇಲೆ ದಾರಿ ಬಿಡುತ್ತವೆ. ಆ 30 ಸೆಕೆಂಡ್‌ನಲ್ಲಿ ಲಿಂಕ್ ದೀಪ ಉರಿಯುತ್ತಿರುತ್ತದೆ, ಡಿಸ್ಕವರ್ ಮಾತ್ರ ಆಚೆ ದಾಟುವುದಿಲ್ಲ. ಎಸ್‌ಎಸ್‌ಡಿ ಇರುವ ಮಷೀನ್ ಅದಕ್ಕಿಂತ ಮೊದಲೇ ಬೂಟ್ ಆಗಿ ಕೇಳತೊಡಗುತ್ತದೆ. ಅದರ ಮೇಲೆ ಸ್ವಿಚ್ ಮತ್ತು ರೂಟರ್ ಬೂಟ್ ಆಗಲು ಹಿಡಿಯುವ ಸಮಯ ಬೇರೆ.

ಡಿಎಚ್‌ಕ್ಲೈಂಟ್ ಎಷ್ಟು ಹೊತ್ತು ಕಾಯಬೇಕೆಂದು ಹೇಳುವುದು ‘ಟೈಮ್‌ಔಟ್’ ಸಾಲು. ಅದು ಮುಗಿದರೆ ‘ನೋ ಡಿಎಚ್‌ಸಿಪಿಆಫರ್ಸ್ ರಿಸೀವ್ಡ್’ ಎಂದು ಬರೆದು ಸುಮ್ಮನಾಗುತ್ತದೆ. ಮತ್ತೆ ಯಾವಾಗ ಏಳಬೇಕೆಂದು ಹೇಳುವುದು ‘ರಿಟ್ರೈ’. ಏನೂ ಬರೆಯದಿದ್ದರೆ 5 ನಿಮಿಷ. ‘ಒಂದೈದು ನಿಮಿಷ ಬಿಟ್ಟು ತಾನಾಗೇ ಬರುತ್ತೆ ಸರ್’ ಎಂದು ಅಂಗಡಿಯವರು ಹೇಳಿದರೆ ಅದು ಈ ರಿಟ್ರೈನ ಗುರುತು, ಲಾಗ್ ತೆರೆಯುವ ಮೊದಲೇ ಅರ್ಧ ರೋಗ ಗೊತ್ತಾದಂತೆ. ಫೈಲ್‌ನಲ್ಲಿ ‘ಟೈಮ್‌ಔಟ್ 120;’ ಮತ್ತು ‘ರಿಟ್ರೈ 30;’ ಬರೆಯಿರಿ. ಸ್ವಿಚ್ ನಿಮ್ಮ ಕೈಯಲ್ಲಿದ್ದರೆ ಕಂಪ್ಯೂಟರ್ ಸಿಕ್ಕಿಸುವ ಪೋರ್ಟ್‌ಗಳನ್ನು ಎಡ್ಜ್ ಪೋರ್ಟ್ ಎಂದು ಗುರುತಿಸಿ, ಸ್ವಿಚ್-ಸ್ವಿಚ್ ನಡುವಿನ ಪೋರ್ಟ್‌ಗೆ ಮಾತ್ರ ಅದನ್ನು ಹಾಕಬೇಡಿ, ಲೂಪ್ ಆದೀತು. ರೂಟರ್‌ಗೂ ಸ್ವಿಚ್‌ಗೂ ಒಂದು ಸಣ್ಣ ಯುಪಿಎಸ್ ಕೊಟ್ಟರೆ ಇದಾವುದೂ ಬೇಕಾಗುವುದಿಲ್ಲ; ಕಂಪ್ಯೂಟರ್ ಮಾತ್ರ ಯುಪಿಎಸ್ ಮೇಲಿಟ್ಟು ಸ್ವಿಚ್ಚನ್ನು ಗೋಡೆಯ ಪ್ಲಗ್‌ಗೆ ಬಿಡುವುದು ಈ ಊರುಗಳಲ್ಲಿ ಎಲ್ಲೆಡೆ ಕಾಣುವ ತಪ್ಪು. 5 ಅಥವಾ 8 ಪೋರ್ಟ್‌ನ ಸಾದಾ ಸ್ವಿಚ್ ಆಗಿದ್ದರೆ ಅದರಲ್ಲಿ ಸಾಮಾನ್ಯವಾಗಿ ಸ್ಪ್ಯಾನಿಂಗ್ ಟ್ರೀಯೇ ಇರುವುದಿಲ್ಲ, ಆಗ ರೂಟರ್ ನಿಧಾನವಾಗಿ ಏಳುತ್ತಿದೆ ಎಂದು ತಿಳಿಯಿರಿ.

ಟೈಮ್‌ಔಟ್ ಹೆಚ್ಚಿಸಿದರೆ ಬೂಟ್ ನಿಧಾನವಾಗುವುದೂ ಉಂಟು. /ಇಟಿಸಿ/ನೆಟ್‌ವರ್ಕ್/ಇಂಟರ್ಫೇಸಸ್ ಫೈಲ್‌ನಲ್ಲಿ ಕಾರ್ಡ್ ಮುಂದೆ ‘ಆಟೊ’ ಎಂದಿದ್ದರೆ ಮಷೀನ್ ವಿಳಾಸಕ್ಕಾಗಿ ಕಾದು ನಿಲ್ಲುತ್ತದೆ. ‘ಅಲೌ-ಹಾಟ್‌ಪ್ಲಗ್’ ಎಂದು ಬದಲಿಸಿದರೆ ಆ ಕಾಯುವಿಕೆ ತಪ್ಪುತ್ತದೆ.

ಇನ್ನೊಂದು ಕಾರಣ ವಿಳಾಸಗಳೇ ಖಾಲಿಯಾಗಿರುವುದು. ಕೋಚಿಂಗ್ ಸೆಂಟರ್ ಒಂದರ ರೂಟರ್ 192.168.1.100ರಿಂದ 192.168.1.199ರವರೆಗೆ ಹಂಚುತ್ತಿದೆ ಎನ್ನಿ: 100 ವಿಳಾಸ. ಲೀಸ್ ಅವಧಿ, ಅಂದರೆ ಒಂದು ವಿಳಾಸವನ್ನು ಒಬ್ಬರಿಗೆ ಕೊಟ್ಟಿಡುವ ಸಮಯ, 24 ಗಂಟೆ. ಬೆಳಗಿನ ಬ್ಯಾಚ್‌ನ 60 ಫೋನ್ ವೈಫೈಗೆ ಸೇರಿದವು, ಸಂಜೆಯ ಬ್ಯಾಚ್‌ನ 60 ಬಂದವು. ಬೆಳಗಿನವರು ಮನೆಗೆ ಹೋದರೂ ಅವರ ಲೀಸ್ ನಾಳೆ ಬೆಳಿಗ್ಗೆವರೆಗೆ ಜೀವಂತ. ಸಂಜೆ 40 ಫೋನ್ ಆದ ಮೇಲೆ ರೂಟರ್ ಬಾಯಿ ಮುಚ್ಚುತ್ತದೆ, ಆಗ ಆನ್ ಮಾಡಿದ ಆಫೀಸ್ ಕಂಪ್ಯೂಟರ್‌ಗೂ ಏನೂ ಸಿಗುವುದಿಲ್ಲ. ಕ್ಲೈಂಟ್ ಫೈಲ್‌ನಲ್ಲಿ ಇದಕ್ಕೆ ಮದ್ದಿಲ್ಲ. ರೂಟರ್‌ನಲ್ಲಿ ಲೀಸ್ ಅವಧಿಯನ್ನು 2 ಗಂಟೆಗೆ ಇಳಿಸಿ, ವ್ಯಾಪ್ತಿ ಹಿಗ್ಗಿಸಿ.

ಆಫರ್ ಬರುತ್ತದೆ, ಆದರೂ ಮತ್ತೆ ಡಿಸ್ಕವರ್

ಟಿಸಿಪಿಡಂಪ್‌ನಲ್ಲಿ ಆಫರ್ ಸ್ಪಷ್ಟವಾಗಿ ಕಾಣುತ್ತಿದ್ದು, ಕ್ಲೈಂಟ್ ಅದನ್ನು ಕಣ್ಣೆತ್ತಿ ನೋಡದೆ ಮತ್ತೆ ಡಿಸ್ಕವರ್ ಕಳಿಸುತ್ತಿದ್ದರೆ, ಈಗ ಫೈಲ್ ತೆರೆಯಿರಿ. ಮೊದಲು ಹುಡುಕಬೇಕಾದ ಎರಡು ಪದ: ‘ರಿಕ್ವೈರ್’ ಮತ್ತು ‘ರಿಜೆಕ್ಟ್’.

‘ರಿಕ್ವೈರ್’ ಪಟ್ಟಿಯಲ್ಲಿರುವ ಯಾವುದಾದರೂ ಒಂದು ಅಂಶ ಆಫರ್‌ನಲ್ಲಿ ಇಲ್ಲದಿದ್ದರೆ ಡಿಎಚ್‌ಕ್ಲೈಂಟ್ ಆ ಆಫರನ್ನೇ ಕೈಬಿಡುತ್ತದೆ. ಹಳೆಯ ಆಫೀಸ್‌ನ ಸರ್ವರ್ ಡೊಮೈನ್ ಹೆಸರು, ಟೈಮ್ ಸರ್ವರ್ ಎಲ್ಲ ಕೊಡುತ್ತಿತ್ತು, ಆಗ ಯಾರೋ ‘ರಿಕ್ವೈರ್’ನಲ್ಲಿ ಅವನ್ನೆಲ್ಲ ಬರೆದಿದ್ದರು. ಅದೇ ಮಷೀನ್ ಈಗ ಸಣ್ಣ ರೂಟರ್‌ನ ಕೆಳಗೆ ಬಂದರೆ ಆ ರೂಟರ್ ಎಷ್ಟೇ ಆಫರ್ ಕೊಟ್ಟರೂ ಇದಕ್ಕೆ ಸಾಲದು. ‘ರಿಕ್ವೈರ್’ನಲ್ಲಿ ಸಬ್‌ನೆಟ್-ಮಾಸ್ಕ್ ಬಿಟ್ಟು ಬೇರೇನೂ ಇಡದಿರುವುದೇ ಒಳ್ಳೆಯದು, ಮಿಕ್ಕಿದ್ದನ್ನು ‘ರಿಕ್ವೆಸ್ಟ್’ ಸಾಲಿಗೆ ಹಾಕಿ.

‘ರಿಜೆಕ್ಟ್’ ಉಪಯೋಗಕ್ಕೆ ಬರುವ ಸಾಲು. ಆಫೀಸಿನಲ್ಲಿ ಯಾರೋ ಮನೆಯ ವೈಫೈ ರೂಟರ್ ತಂದು, ಅದರ ಲ್ಯಾನ್ ಪೋರ್ಟನ್ನು ಗೋಡೆಗೆ ಸಿಕ್ಕಿಸಿದರೆ ಅದೂ ವಿಳಾಸ ಹಂಚಲು ಶುರುಮಾಡುತ್ತದೆ. ಟಿಸಿಪಿಡಂಪ್‌ನಲ್ಲಿ ಒಂದೇ ಡಿಸ್ಕವರ್‌ಗೆ ಎರಡು ಬೇರೆ ಮೂಲದಿಂದ ಆಫರ್ ಬಂದರೆ ಇದೇ ಕಾರಣ. ಆ ಪೆಟ್ಟಿಗೆ ಹುಡುಕಿ ಕೇಬಲ್ ಕೀಳುವುದು ನಿಜವಾದ ಪರಿಹಾರ. ಹುಡುಕುವವರೆಗೆ ‘ರಿಜೆಕ್ಟ್ 192.168.0.1;’ ಎಂಬಂತೆ ಅದರ ವಿಳಾಸ ಬರೆದರೆ ಈ ಒಂದು ಮಷೀನ್ ಬಚಾವಾಗುತ್ತದೆ. ಹುಡುಕಿ ಕಿತ್ತ ಮೇಲೆ ಆ ಸಾಲನ್ನೂ ಅಳಿಸಿ. ಮುಂದೆ ಇದೇ ಲ್ಯಾಪ್‌ಟಾಪ್ ಬೇರೆ ಕಡೆ ಹೋದಾಗ ಅಲ್ಲಿನ ಸರಿಯಾದ ರೂಟರ್‌ನ ವಿಳಾಸವೂ 192.168.0.1 ಆಗಿರಬಹುದು.

ಎರಡೂ ಇಲ್ಲದೆ ಹೀಗಾಗುತ್ತಿದ್ದು, ಮಷೀನ್ ವರ್ಚುವಲ್ ಆಗಿದ್ದರೆ, ಲಾಗ್‌ನಲ್ಲಿ ‘ಬ್ಯಾಡ್ ಯುಡಿಪಿ ಚೆಕ್‌ಸಮ್ಸ್’ ಎಂಬ ಸಾಲು ಹುಡುಕಿ. ಆತಿಥೇಯ ಮಷೀನ್ ಚೆಕ್‌ಸಮ್ (ಪ್ಯಾಕೆಟ್ ಕೆಟ್ಟಿಲ್ಲವೆಂದು ತಾಳೆ ನೋಡುವ ಸಂಖ್ಯೆ) ಲೆಕ್ಕವನ್ನು ನೆಟ್‌ವರ್ಕ್ ಕಾರ್ಡ್‌ಗೆ ಬಿಟ್ಟು ಅರೆಬರೆಯಾಗಿ ಕಳಿಸಿದಾಗ ಕ್ಲೈಂಟ್ ಆ ಪ್ಯಾಕೆಟ್ಟನ್ನು ಎಸೆಯುತ್ತದೆ. ಆಫರ್ ಕಳಿಸುವ ಕಡೆ ‘ಇಥ್‌ಟೂಲ್’ನಿಂದ ಟಿಎಕ್ಸ್ ಚೆಕ್‌ಸಮ್ ಆಫ್‌ಲೋಡ್ ಆಫ್ ಮಾಡಿ.

ಫೈಲ್ ಬರೆಯುವಾಗಿನ ತಪ್ಪುಗಳು

ಪ್ರತಿ ಹೇಳಿಕೆಯೂ ಅರ್ಧವಿರಾಮ ಚಿಹ್ನೆಯಿಂದ (;) ಮುಗಿಯಬೇಕು. ಅದು ತಪ್ಪಿದರೆ ಡಿಎಚ್‌ಕ್ಲೈಂಟ್ ‘ಸೆಮಿಕೋಲನ್ ಎಕ್ಸ್‌ಪೆಕ್ಟೆಡ್’ ಎಂದು ಸಾಲಿನ ಸಂಖ್ಯೆಯೊಂದಿಗೆ ಹೇಳುತ್ತದೆ, ಆದರೆ ಅದು ತೋರಿಸುವುದು ಸಾಮಾನ್ಯವಾಗಿ ಮುಂದಿನ ಸಾಲನ್ನು. 14ನೇ ಸಾಲು ಎಂದರೆ 13ನ್ನೂ ನೋಡಿ. ಅಷ್ಟು ಹೇಳಿ ಅದು ನಿಲ್ಲುವುದಿಲ್ಲ, ಅರ್ಥವಾದ ಸಾಲುಗಳನ್ನಷ್ಟೇ ಹಿಡಿದು ಮುಂದುವರಿಯುತ್ತದೆ. ವಿಳಾಸ ಸಿಕ್ಕಿತೆಂದು ಫೈಲ್ ಸರಿಯಿದೆ ಎಂದುಕೊಳ್ಳುವುದು ಇದರಿಂದಲೇ.

ಐಪಿ ವಿಳಾಸಗಳ ನಡುವೆ ಅಲ್ಪವಿರಾಮ ಬೇಕು, ಉದ್ಧರಣ ಚಿಹ್ನೆ ಬೇಡ. ಡೊಮೈನ್ ಹೆಸರು, ಹೋಸ್ಟ್ ಹೆಸರುಗಳಿಗೆ ಉದ್ಧರಣ ಚಿಹ್ನೆ ಬೇಕು. ವರ್ಡ್‌ನಿಂದಲೋ ವಾಟ್ಸಾಪ್‌ನಿಂದಲೋ ಕಾಪಿ ಮಾಡಿದರೆ ನೇರ ಚಿಹ್ನೆ ಬಾಗಿದ ಚಿಹ್ನೆಯಾಗಿರುತ್ತದೆ, ಅದು ನಡೆಯುವುದಿಲ್ಲ. ನೆಟ್‌ಪ್ಲಾನ್‌ನ ಫೈಲ್‌ನಲ್ಲಾದರೆ ಟ್ಯಾಬ್ ಬಳಸಲೇಬಾರದು, ಸ್ಪೇಸ್ ಮಾತ್ರ.

‘ಇಂಟರ್ಫೇಸ್’ ಎಂದು ಶುರುವಾಗಿ ಆವರಣದೊಳಗೆ ಬರುವ ಭಾಗದಲ್ಲಿ ಕಾರ್ಡ್‌ನ ಹೆಸರು ಇಂದಿನದೇ ಆಗಿರಬೇಕು. ಹಳೆಯ ಫೈಲ್‌ನಲ್ಲಿ ‘ಇಟಿಎಚ್0’ ಇರುತ್ತದೆ, ಮಷೀನ್‌ನಲ್ಲಿ ಕಾರ್ಡ್ ‘ಇಎನ್‌ಪಿ3ಎಸ್0’ ಆಗಿರುತ್ತದೆ. ಹೆಸರು ಹೊಂದದಿದ್ದರೆ ಆ ಆವರಣದೊಳಗಿನ ಯಾವ ಸಾಲೂ ನಿಮ್ಮ ಕಾರ್ಡ್‌ಗೆ ಅನ್ವಯಿಸುವುದಿಲ್ಲ.

ಬೇರೆ ಜಾಗದಲ್ಲಿ ಒಂದು ಪರೀಕ್ಷಾ ಫೈಲ್ ಮಾಡಿಕೊಂಡು, -ಸಿಎಫ್ ಜೊತೆ ಅದರ ಹೆಸರು ಕೊಟ್ಟು ಡಿಎಚ್‌ಕ್ಲೈಂಟ್ ಓಡಿಸುವುದು ಒಳ್ಳೆಯ ಅಭ್ಯಾಸ. ಆದರೆ ಉಬುಂಟುವಿನಲ್ಲಿ ಆ ಫೈಲನ್ನು ಹೋಮ್ ಫೋಲ್ಡರ್‌ನಲ್ಲಿ ಇಟ್ಟರೆ, ರೂಟ್ ಆಗಿದ್ದರೂ ‘ಪರ್ಮಿಷನ್ ಡಿನೈಡ್’ ಬರುತ್ತದೆ. ಅದು, ಯಾವ ಪ್ರೋಗ್ರಾಂ ಯಾವ ಫೈಲ್ ಮುಟ್ಟಬಹುದೆಂದು ಕಾಯುವ ಆಪ್‌ಆರ್ಮರ್ ಹಾಕಿದ ಬೇಲಿ. ಪರೀಕ್ಷಾ ಫೈಲನ್ನೂ /ಇಟಿಸಿ/ಡಿಎಚ್‌ಸಿಪಿ ಒಳಗೇ ಇಡಿ.

ವಿಳಾಸ ಸಿಕ್ಕಿದೆ, ನೆಟ್ ಇಲ್ಲ

‘ಐಪಿ ರೂಟ್’ ಕೊಡಿ. ‘ಡಿಫಾಲ್ಟ್’ ಸಾಲು ಇಲ್ಲದಿದ್ದರೆ ಗೇಟ್‌ವೇ, ಅಂದರೆ ಹೊರಗಿನ ನೆಟ್‌ಗೆ ದಾರಿಯಾಗುವ ರೂಟರ್‌ನ ವಿಳಾಸ, ಬಂದಿಲ್ಲ. ಇದು ಹೆಚ್ಚಾಗಿ ‘ರಿಕ್ವೆಸ್ಟ್’ ಸಾಲಿನ ಕಾಣಿಕೆ. (ನಾಲ್ಕು ಮಾತುಗಳಲ್ಲಿನ ರಿಕ್ವೆಸ್ಟ್ ಬೇರೆ, ಫೈಲ್‌ನ ಈ ಸಾಲು ಬೇರೆ, ಇದು ಸರ್ವರ್‌ನಿಂದ ಏನೇನು ಬೇಕೆಂದು ಕೇಳುವ ಪಟ್ಟಿ.) ನೀವು ‘ರಿಕ್ವೆಸ್ಟ್’ ಎಂದು ಬರೆದ ಕೂಡಲೇ ಡಿಫಾಲ್ಟ್ ಪಟ್ಟಿ ಹೋಗಿ ನಿಮ್ಮದೇ ಪಟ್ಟಿ ಬರುತ್ತದೆ. ಟೈಮ್ ಸರ್ವರ್ ಒಂದು ಬೇಕೆಂದು ಅದೊಂದನ್ನೇ ಬರೆದರೆ ‘ರೂಟರ್ಸ್’ ಕೇಳುವುದೇ ಬಿಟ್ಟುಹೋಗುತ್ತದೆ. ಇರುವ ಪಟ್ಟಿಗೆ ಸೇರಿಸಲು ‘ಆಲ್ಸೊ ರಿಕ್ವೆಸ್ಟ್’ ಇದೆ.

‘ರೂಟರ್ಸ್’ ಕೇಳಿಯೂ ಬಂದಿದ್ದೂ ಗೇಟ್‌ವೇ ಕೂರದಿದ್ದರೆ 121ನೇ ಆಪ್ಷನ್ ನೋಡಿ. ಬಿಡಿಬಿಡಿ ದಾರಿಗಳನ್ನು ಕಳಿಸುವ ಆಪ್ಷನ್ ಇದು. ಸರ್ವರ್ ಇದನ್ನು ಕೊಟ್ಟರೆ ಕ್ಲೈಂಟ್ ಸಾದಾ ‘ರೂಟರ್ಸ್’ ಆಪ್ಷನ್ನನ್ನು ಬದಿಗಿಡಬೇಕು ಎಂದು ಆರ್‌ಎಫ್‌ಸಿ 3442 ಹೇಳುತ್ತದೆ. ಹಾಗಾಗಿ ಶಾಖೆಗೆ ಒಂದು ದಾರಿ ಸೇರಿಸಲು ಸರ್ವರ್‌ನಲ್ಲಿ 121 ಹಾಕಿದವರು ಡಿಫಾಲ್ಟ್ ದಾರಿಯನ್ನೂ ಅದರಲ್ಲೇ ಮತ್ತೊಮ್ಮೆ ಬರೆಯಬೇಕು. ಕ್ಲೈಂಟ್ ಇಲ್ಲಿ ನಿಯಮ ಪಾಲಿಸುತ್ತಿದೆ, ತಿದ್ದಬೇಕಾದದ್ದು ಸರ್ವರ್‌ನಲ್ಲಿ.

ಗೇಟ್‌ವೇ ಇದ್ದು, 8.8.8.8ಕ್ಕೆ ಪಿಂಗ್ ಹೋಗುತ್ತಿದ್ದು, ಹೆಸರು ಕೊಟ್ಟರೆ ಹೋಗದಿದ್ದರೆ ಡಿಎನ್‌ಎಸ್. ಡಿಎನ್‌ಎಸ್ ವಿಳಾಸಗಳಿರುವ ರಿಸಾಲ್ವ್.ಕಾನ್ಫ್ ಅನ್ನು ಕೈಯಿಂದ ತಿದ್ದಿದರೆ ಲೀಸ್ ನವೀಕರಣವಾದಾಗ ನಿಮ್ಮ ಸಾಲು ಮಾಯ. ಡಿಎಚ್‌ಕ್ಲೈಂಟ್ ಫೈಲ್‌ನಲ್ಲೇ ಹೇಳಬೇಕು, ಮತ್ತು ಯಾವ ಪದದಿಂದ ಹೇಳುತ್ತೀರಿ ಎನ್ನುವುದು ಮುಖ್ಯ. ‘ಡಿಫಾಲ್ಟ್’ ಎಂದರೆ ಸರ್ವರ್ ಕೊಡದಿದ್ದರೆ ಮಾತ್ರ ನಿಮ್ಮದು. ‘ಸೂಪರ್‌ಸೀಡ್’ ಎಂದರೆ ಸರ್ವರ್ ಏನೇ ಕೊಡಲಿ ನಿಮ್ಮದೇ. ‘ಪ್ರಿಪೆಂಡ್’ ಎಂದರೆ ನಿಮ್ಮದು ಮೊದಲು, ಸರ್ವರ್‌ನದು ಆಮೇಲೆ. ‘ಅಪೆಂಡ್’ ಅದರ ತಿರುಗುಮುರುಗು.

‘ಪ್ರಿಪೆಂಡ್’ನಲ್ಲಿ ಸತ್ತ ಡಿಎನ್‌ಎಸ್ ವಿಳಾಸ ಉಳಿದಿದ್ದರೆ ನೆಟ್ ಪೂರ್ತಿ ನಿಲ್ಲುವುದಿಲ್ಲ, ಪ್ರತಿ ಹೊಸ ಹೆಸರಿಗೂ 5 ಸೆಕೆಂಡ್ ತಡೆಯುತ್ತದೆ, ಏಕೆಂದರೆ ಮೊದಲನೆಯದು ಉತ್ತರಿಸದಿದ್ದರೆ ಎರಡನೆಯದಕ್ಕೆ ಹೋಗಲು ಡಿಫಾಲ್ಟ್ ಅವಧಿ ಅಷ್ಟು. ‘ಇಂಟರ್ನೆಟ್ ಸ್ಲೋ’ ಎಂದು ಪ್ಲಾನ್ ಬದಲಿಸಿಕೊಂಡವರ ಮಷೀನ್‌ನಲ್ಲೂ ಈ ಸಾಲು ಸಿಗುತ್ತದೆ. ಜೊತೆಗೆ ರಿಸಾಲ್ವ್.ಕಾನ್ಫ್‌ನಲ್ಲಿ ಮೊದಲ 3 ಡಿಎನ್‌ಎಸ್‌ಗಳಿಗಷ್ಟೇ ಬೆಲೆ. ನೀವು ಎರಡು ಪ್ರಿಪೆಂಡ್ ಮಾಡಿ ಸರ್ವರ್ ಎರಡು ಕೊಟ್ಟರೆ ನಾಲ್ಕನೆಯದು ಲೆಕ್ಕಕ್ಕಿಲ್ಲ.

ಲ್ಯಾಬ್‌ನಲ್ಲಿ ಒಂದೇ ವಿಳಾಸ, ಇಬ್ಬರು ಒಡೆಯರು

ಕಾಲೇಜು ಲ್ಯಾಬ್‌ಗಳಲ್ಲಿ ಅತಿ ಹೆಚ್ಚು ಸಮಯ ತಿನ್ನುವ ದೋಷ ಇದು. ಒಂದು ಮಷೀನ್‌ಗೆ ಉಬುಂಟು ಹಾಕಿ, ಡಿಸ್ಕನ್ನು ಕ್ಲೋನ್ ಮಾಡಿ ಮಿಕ್ಕ 29ಕ್ಕೆ ಹಾಕಿರುತ್ತಾರೆ. ಒಂದೊಂದೇ ಆನ್ ಮಾಡಿದರೆ ಎಲ್ಲವೂ ಸರಿ. ಎರಡನೆಯದು ಆನ್ ಆದರೆ ಮೊದಲನೆಯದು ತಡವರಿಸುತ್ತದೆ. ಎಲ್ಲ 30 ಆನ್ ಆದಾಗ ಯಾವುದೂ ನೆಟ್ಟಗಿಲ್ಲ. ಸ್ವಿಚ್ ಬದಲಿಸುತ್ತಾರೆ, ಕೇಬಲ್ ಮತ್ತೆ ಕ್ರಿಂಪ್ ಮಾಡುತ್ತಾರೆ, ಗುಣವಾಗುವುದಿಲ್ಲ.

ಎರಡು ಮಷೀನ್‌ಗಳಲ್ಲಿ ‘ಐಪಿ ಅಡ್ರೆಸ್’ ನೋಡಿ. ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡ್‌ನ ಸ್ವಂತ ಗುರುತು) ಬೇರೆ ಬೇರೆ, ಐಪಿ ಒಂದೇ ಆಗಿದ್ದರೆ ರೋಗ ಹಿಡಿದಿರಿ. ಡಿಎಚ್‌ಸಿಪಿ ನಿಯಮದ ಪ್ರಕಾರ ಕ್ಲೈಂಟ್ ತನ್ನದೊಂದು ಗುರುತು, ಅಂದರೆ ಕ್ಲೈಂಟ್ ಐಡೆಂಟಿಫೈಯರ್ ಕಳಿಸಿದರೆ ಸರ್ವರ್ ಅದನ್ನೇ ಹಿಡಿಯಬೇಕು, ಮ್ಯಾಕ್ ಅನ್ನಲ್ಲ. ಸಿಸ್ಟಮ್‌ಡಿ-ನೆಟ್‌ವರ್ಕ್‌ಡಿ ಈ ಗುರುತನ್ನು /ಇಟಿಸಿ/ಮಷೀನ್-ಐಡಿ ಫೈಲ್‌ನಿಂದ ಹುಟ್ಟಿಸುತ್ತದೆ. ಕ್ಲೋನ್ ಮಾಡಿದಾಗ ಆ ಫೈಲೂ ಕ್ಲೋನ್ ಆಯಿತು. ಸರ್ವರ್‌ನ ಕಣ್ಣಿಗೆ 30 ಮಷೀನ್ ಒಂದೇ ಮಷೀನ್.

ಪರಿಹಾರ ಎರಡು ತರಹ. ಬೇಗ ಆಗಬೇಕೆಂದರೆ ಗುರುತಿಗೆ ಮ್ಯಾಕ್ ಬಳಸುವಂತೆ ಹೇಳಿ: ನೆಟ್‌ವರ್ಕ್‌ಡಿ ಫೈಲ್‌ನ [ಡಿಎಚ್‌ಸಿಪಿವಿ4] ಭಾಗದಲ್ಲಿ ‘ಕ್ಲೈಂಟ್‌ಐಡೆಂಟಿಫೈಯರ್=ಮ್ಯಾಕ್’, ನೆಟ್‌ಪ್ಲಾನ್ ಆದರೆ ‘ಡಿಎಚ್‌ಸಿಪಿ-ಐಡೆಂಟಿಫೈಯರ್: ಮ್ಯಾಕ್’. ಸರಿಯಾಗಿ ಆಗಬೇಕೆಂದರೆ ಮಷೀನ್-ಐಡಿಯನ್ನೇ ಬೇರೆ ಮಾಡಿ. ಆ ಫೈಲನ್ನು ಅಳಿಸಬೇಡಿ, ‘ಟ್ರಂಕೇಟ್ -ಎಸ್ 0’ ಕೊಟ್ಟು ಖಾಲಿ ಮಾಡಿ ರೀಬೂಟ್ ಮಾಡಿ, ಹೊಸದು ತಾನೇ ಹುಟ್ಟುತ್ತದೆ. ಆದರೆ ಅದಕ್ಕೂ ಮುಂಚೆ /ವಾರ್/ಲಿಬ್/ಡಿಬಸ್/ಮಷೀನ್-ಐಡಿ ನೋಡಿ. ಅದು ಮೊದಲನೆಯದಕ್ಕೆ ಲಿಂಕ್ ಆಗಿದ್ದರೆ ಚಿಂತೆಯಿಲ್ಲ. ಬೇರೆಯೇ ಫೈಲ್ ಆಗಿದ್ದರೆ ಹಳೆಯ ಐಡಿ ಅಲ್ಲಿಂದಲೇ ಮರಳಿ ಬರುತ್ತದೆ, ‘ಖಾಲಿ ಮಾಡಿದರೂ ಅದೇ ಬರುತ್ತಿದೆ’ ಎಂದು ತಲೆಕೆಡಿಸಿಕೊಳ್ಳಬೇಕಾಗುತ್ತದೆ. ಮುಂದಿನ ಸಲ ಕ್ಲೋನ್ ತೆಗೆಯುವ ಮೊದಲೇ ಮೂಲ ಮಷೀನ್‌ನಲ್ಲಿ ಇದನ್ನು ಖಾಲಿ ಮಾಡಿ, ಮತ್ತೆ ಬೂಟ್ ಮಾಡದೆ ಇಮೇಜ್ ತೆಗೆಯಿರಿ.

ಡಿಎಚ್‌ಕ್ಲೈಂಟ್ ಬಳಸುವ ಮಷೀನ್‌ಗಳಲ್ಲಿ ಇದೇ ರೋಗ ಬೇರೆ ದಾರಿಯಿಂದ ಬರುತ್ತದೆ. ಮೂಲ ಫೈಲ್‌ನಲ್ಲಿ ‘ಸೆಂಡ್ ಡಿಎಚ್‌ಸಿಪಿ-ಕ್ಲೈಂಟ್-ಐಡೆಂಟಿಫೈಯರ್’ ಎಂದು ಒಂದು ನಿಶ್ಚಿತ ಮೌಲ್ಯ ಬರೆದಿದ್ದರೆ ಅದೂ 30 ಕಡೆ ಹೋಗಿರುತ್ತದೆ. ಆ ಸಾಲನ್ನು ತೆಗೆಯಿರಿ.

ಊರು ಬದಲಿಸಿದ ಲ್ಯಾಪ್‌ಟಾಪ್

ಡಿಎಚ್‌ಕ್ಲೈಂಟ್ ತಾನು ಪಡೆದ ಲೀಸ್‌ಗಳನ್ನು ಡೆಬಿಯನ್‌ನಲ್ಲಿ /ವಾರ್/ಲಿಬ್/ಡಿಎಚ್‌ಸಿಪಿ ಒಳಗೆ ಬರೆದಿಟ್ಟುಕೊಳ್ಳುತ್ತದೆ. ದಾವಣಗೆರೆಯಲ್ಲಿ 192.168.1.57 ಪಡೆದ ಲ್ಯಾಪ್‌ಟಾಪ್ ಚಿತ್ರದುರ್ಗದಲ್ಲಿ ಆನ್ ಆದಾಗ ಡಿಸ್ಕವರ್ ಕೂಗದೆ ನೇರವಾಗಿ ‘57 ಕೊಡಿ’ ಎಂದು ರಿಕ್ವೆಸ್ಟ್ ಕಳಿಸುತ್ತದೆ. ಅಲ್ಲಿನ ಸರ್ವರ್ ನಾಕ್ ಕೊಟ್ಟರೆ ತಕ್ಷಣ ಹೊಸದಾಗಿ ಶುರು. ಆದರೆ ಎರಡೂ ಊರಿನಲ್ಲಿ 192.168.1 ಸಾಲೇ ಇದ್ದು, ಅಲ್ಲಿನ ಸರ್ವರ್‌ಗೆ ಈ ಲ್ಯಾಪ್‌ಟಾಪಿನ ದಾಖಲೆಯೇ ಇಲ್ಲದಿದ್ದರೆ ಅದು ಸುಮ್ಮನಿರಬಹುದು. ಆಗ ‘ರೀಬೂಟ್’ ಸಾಲಿನ ಅವಧಿ, ಡಿಫಾಲ್ಟ್ 10 ಸೆಕೆಂಡ್, ಕಳೆದ ಮೇಲಷ್ಟೇ ಡಿಸ್ಕವರ್. ತಡ ಅಷ್ಟೇ ಆದರೆ ‘ರೀಬೂಟ್ 3;’ ಸಾಕು.

ಲೀಸ್ ಫೈಲ್ ಓದುವಾಗ ಗಡಿಯಾರ ನೋಡಿಕೊಳ್ಳಿ. ‘ರಿನ್ಯೂ 2 2024/03/05 10:20:30’ ಎಂದಿದ್ದರೆ ಮೊದಲ 2 ವಾರದ ದಿನ, ಭಾನುವಾರವನ್ನು 0 ಎಂದು ಎಣಿಸಿದರೆ ಮಂಗಳವಾರ. ಸಮಯ ಯುಟಿಸಿಯಲ್ಲಿದೆ (ಜಾಗತಿಕ ಪ್ರಮಾಣ ಸಮಯ), 5 ಗಂಟೆ 30 ನಿಮಿಷ ಕೂಡಿಸಿದರೆ ನಮ್ಮ ಸಮಯ, ಮಧ್ಯಾಹ್ನ 3:50 ದಾಟಿ 30 ಸೆಕೆಂಡ್. ಇದನ್ನು ಕೂಡಿಸದೆ ‘ಲೀಸ್ ಬೆಳಿಗ್ಗೆಯೇ ಮುಗಿದಿದೆ’ ಎಂದು ತಪ್ಪು ದಾರಿ ಹಿಡಿಯುವುದು ಸುಲಭ.

ಗಂಟೆಗಟ್ಟಲೆ ನಡೆದು ಕಡಿಯುವುದು

ಲೀಸ್ 24 ಗಂಟೆಯದಾದರೆ ಕ್ಲೈಂಟ್ ಅರ್ಧ ಅವಧಿಗೆ, 12ನೇ ಗಂಟೆಗೆ, ಅದೇ ಸರ್ವರ್‌ಗೆ ನೇರವಾಗಿ ನವೀಕರಣ ಕೇಳುತ್ತದೆ. ಉತ್ತರ ಬರದಿದ್ದರೆ 87.5 ಶೇಕಡಾದಲ್ಲಿ, 21ನೇ ಗಂಟೆಗೆ, ಎಲ್ಲರಿಗೂ ಕೇಳುವಂತೆ ಕೂಗುತ್ತದೆ. 24ಕ್ಕೂ ಸಿಗದಿದ್ದರೆ ವಿಳಾಸ ಬಿಡುತ್ತದೆ. ಲಾಗ್‌ನಲ್ಲಿ 12ನೇ ಗಂಟೆಯಿಂದ ಒಂದೇ ಸಮನೆ ಉತ್ತರವಿಲ್ಲದ ರಿಕ್ವೆಸ್ಟ್ ಸಾಲುಗಳಿದ್ದು, 21ಕ್ಕೆ ಆಕ್ ಬಂದಿದ್ದರೆ ಫೈರ್‌ವಾಲ್ ನೋಡಿ. ಡಿಎಚ್‌ಕ್ಲೈಂಟ್ ಮೊದಲ ಸಲ ವಿಳಾಸ ಕೇಳುವಾಗ ಪ್ಯಾಕೆಟ್‌ಗಳನ್ನು ಕಾರ್ಡ್‌ನಿಂದ ನೇರವಾಗಿ ಎತ್ತಿಕೊಳ್ಳುತ್ತದೆ, ಅವು ಲಿನಕ್ಸ್‌ನ ಫೈರ್‌ವಾಲ್ ಆದ ಐಪಿಟೇಬಲ್ಸ್‌ನ ಕೈಗೆ ಸಿಗುವುದಿಲ್ಲ. ನವೀಕರಣ ಮಾತ್ರ ಮಾಮೂಲಿ ಯುಡಿಪಿ ಸಾಕೆಟ್‌ನಿಂದ ಹೋಗುತ್ತದೆ, ಅದು ಸಿಕ್ಕಿಬೀಳುತ್ತದೆ. ಅದಕ್ಕೇ ಬೂಟ್ ಆದಾಗ ಎಲ್ಲ ಸರಿ, ಮಧ್ಯದಲ್ಲಿ ತೊಂದರೆ. ಹೊರಹೋಗುವ 67 ಮತ್ತು ಅಲ್ಲಿಂದ 68ಕ್ಕೆ ಬರುವ ಉತ್ತರಕ್ಕೆ ದಾರಿ ಬಿಡುವ ಒಂದೊಂದು ನಿಯಮ ಸೇರಿಸಿ. ಆಮೇಲೆ ಪರೀಕ್ಷೆಗೆ 12 ಗಂಟೆ ಕಾಯಬೇಕಿಲ್ಲ: ‘ಸೆಂಡ್ ಡಿಎಚ್‌ಸಿಪಿ-ಲೀಸ್-ಟೈಮ್ 600;’ ಎಂದು ತಾತ್ಕಾಲಿಕವಾಗಿ ಬರೆದು ಹೊಸದಾಗಿ ವಿಳಾಸ ಕೇಳಿ. ಇದು ಕೋರಿಕೆ ಮಾತ್ರ, ಸರ್ವರ್ ಒಪ್ಪಿದರೆ ಸುಮಾರು 5 ನಿಮಿಷದಲ್ಲಿ ನವೀಕರಣ ಕಣ್ಣಿಗೆ ಬೀಳುತ್ತದೆ. ಲಾಗ್‌ನ ‘ಬೌಂಡ್ ಟು’ ಸಾಲಿನ ಕೊನೆಯ ಸೆಕೆಂಡ್‌ಗಳ ಸಂಖ್ಯೆ 300ರ ಆಸುಪಾಸಿಗೆ ಇಳಿದಿದ್ದರೆ ಒಪ್ಪಿದೆ ಎಂದು ಅರ್ಥ. ಒಪ್ಪದಿದ್ದರೆ ಲೀಸ್ ಅವಧಿಯನ್ನು ರೂಟರ್‌ನಲ್ಲೇ ಇಳಿಸಿ ನೋಡಬೇಕು. ಪರೀಕ್ಷೆ ಮುಗಿದ ಮೇಲೆ ಆ ಸಾಲನ್ನು ತೆಗೆದುಹಾಕಿ.